ಎರಡು ಸಲ ತಟ್ಟಿದರೆ ಬಿಡಬೇಕು

ನಾನು ಕುಸ್ತಿಯ ಚಾಪೆ. ಹುಟ್ಟಿದ್ದು ಕಾರ್ಖಾನೆಯಲ್ಲಿ. ಸ್ಪಂಜಿನ ಚೂರುಗಳನ್ನು ಒತ್ತಿ, ಮೇಲೆ ನೀಲಿ ರೆಕ್ಸಿನ್ ಹೊಲಿದು, 'ಹೊಸ ಸ್ಪಂಜು' ಎಂದು ಚೀಟಿ ಅಂಟಿಸಿದರು. ನನ್ನ ಹೊಟ್ಟೆಯಲ್ಲಿದ್ದದ್ದು ಹಳೆಯ ಹಾಸಿಗೆಯ ಚೂರು. ಅಂದಿನಿಂದ ನಾನು ಯಾರ ಮಾತನ್ನೂ ಸುಮ್ಮನೆ ನಂಬಿಲ್ಲ.

ಮೊದಲು ಒಂದು ಕಾಲೇಜು ಕೊಂಡಿತು. ಹುಡುಗರು ನನ್ನ ಮೇಲೆ ಮಲಗಿ ಹರಟೆ ಹೊಡೆದರು, ಅಷ್ಟೆ. ಆಮೇಲೆ ಕುಸ್ತಿ ಕಲಿಸುವ ದುಂಡಪ್ಪ ವಸ್ತಾದರ ಗರಡಿಗೆ ಬಂದೆ. ಅವರು ಕೆಂಪು ಮಣ್ಣಿನಲ್ಲಿ ಬೆಳೆದ ಪೈಲ್ವಾನರು. ಕೈಕಾಲು ತಿರುಚಿ ಸೋಲೊಪ್ಪಿಸುವ ಹೊಸ ಆಟ ಬಂದಿತ್ತು, ಅದಕ್ಕೆ ನಾನು ಬೇಕಾದೆ. ಆ ಆಟದಲ್ಲಿ ಸಿಕ್ಕಿಕೊಂಡವರು ಎರಡು ಸಲ ತಟ್ಟಿದರೆ ಹಿಡಿದವರು ಬಿಡಬೇಕು.

ಕಲಿಯುವವರು ಇಬ್ಬರು ಹುಡುಗಿಯರು. ಮಹಾನಂದಾ, ಇಟ್ಟಿಗೆ ಭಟ್ಟಿಯಲ್ಲಿ ದುಡಿಯುವವರ ಮಗಳು. ಕಾಶವ್ವ, ವಸ್ತಾದರ ತಂಗಿಯ ಮಗಳು. ರಾಜ್ಯ ತಂಡದ ಆಯ್ಕೆಗೆ ಹೋಗುವವಳು ಒಬ್ಬಳೇ. ನನ್ನ ಅನುಮಾನ ಅಲ್ಲೇ ಶುರುವಾಯಿತು.

ದಿನಾ ಬೆಳಿಗ್ಗೆ ಮೈ ಹದ ಮಾಡುವ ಕೆಲಸ. ಒಬ್ಬಳು ಇನ್ನೊಬ್ಬಳ ಮೊಣಕೈಗೆ ಪಟ್ಟು ಹಾಕಬೇಕು, ಸಿಕ್ಕವಳು ತಟ್ಟದೆ ತಡೆದುಕೊಂಡಷ್ಟು ಹೊತ್ತು ವಸ್ತಾದರು ಎಣಿಸಬೇಕು. ಇವತ್ತು ಹತ್ತು, ನಾಳೆ ಹನ್ನೊಂದು.

"ಏನವ್ವಾ ಮಹಾನಂದಾ, ಎಂಟಕ್ಕ ತಟ್ಟಿಬಿಟ್ಟೆಲ್ಲ! ರೊಟ್ಟಿ ತಟ್ಟಾಕ ಬಂದೀಯೇನು?"

"ಕೈ ಮುರದ್ರ ರೊಟ್ಟಿನೂ ತಟ್ಟಾಕ ಬರೂದಿಲ್ರಿ, ವಸ್ತಾದ."

ನಿಜ ಹೇಳಬೇಕು, ಅವಳು ಕಲಿತಳು. ನೋವಿಗೆ ಉಸಿರು ಬಿಗಿಹಿಡಿಯುವುದನ್ನು ಬಿಟ್ಟಳು. ಅವಳ ಬೆನ್ನು ನನ್ನ ಮೇಲೆ ಸಡಿಲವಾಗಿ ಮಲಗತೊಡಗಿತು. ಆದರೆ ಎಣಿಕೆ ಏರುತ್ತಲೇ ಹೋಯಿತು. ಹದ ಮಾಡಲು ಕೀಲು ಏನು ಚರ್ಮವೇ? ಇಷ್ಟು ತಿಳಿಯದವನು ಎಂಥ ವಸ್ತಾದ?

ಆಯ್ಕೆಗೆ ನಾಲ್ಕು ದಿನ ಇತ್ತು. ಕಾಶವ್ವ ಪಟ್ಟು ಹಾಕಿದಳು. ಹದಿನೆಂಟರ ಹೊತ್ತಿಗೆ ಮಹಾನಂದಾಳ ಬಾಯಿ ಕಾಶವ್ವನ ಕಾಲಡಿಯಲ್ಲಿ ಒತ್ತಿಹೋಗಿತ್ತು. ಪಟ್ಟಿಗೆ ಸಿಗದ ಇನ್ನೊಂದು ಕೈಗೆ ನಾನು ಎಟುಕಲಿಲ್ಲ. ಎಟುಕಿದ್ದು ತನ್ನ ತೊಡೆ ಮಾತ್ರ. ಅದನ್ನೇ ಎರಡು ಸಲ ತಟ್ಟಿದಳು.

ಗರಡಿಯಲ್ಲಿ ತೊಡೆ ತಟ್ಟುವುದು ಸೋಲಲ್ಲ, ಸವಾಲು.

"ಭಲೆ! ತೊಡಿ ತಟ್ಟಿದಳು! ಬಿಡಬ್ಯಾಡ ಕಾಶೀ!" ಎಂದು ವಸ್ತಾದರು ಕೂಗಿದರು.

ಒಣ ಕಟ್ಟಿಗೆ ಮುರಿದಂಥ ಸದ್ದು ಮೊದಲು ಕೇಳಿದ್ದು ನನಗೆ.

ಆಯ್ಕೆಗೆ ಕಾಶವ್ವ ಹೋದಳು, ಮೊದಲ ಸುತ್ತಿನಲ್ಲೇ ಸೋತು ಬಂದಳು. "ಸವಾಲು ಅಂತ ತಿಳಕೊಂಡೆ, ದೇವರಾಣಿ" ಎಂದರು ವಸ್ತಾದರು. ಊರು ನಂಬಿತು. ನಾನು ನಂಬಲಿಲ್ಲ.

ಎಷ್ಟೋ ವರ್ಷ ಕಳೆದು ಈಗ ನನ್ನ ರೆಕ್ಸಿನ್ ಹರಿದಿದೆ. ಮೂಲೆಯಲ್ಲಿ ಮಡಚಿ ಹಾಕಿದ್ದಾರೆ. ಗರಡಿ ನಡೆಸುವವಳು ಮಹಾನಂದಾ. ಅವಳ ಎಡಗೈ ಪೂರ್ತಿ ಚಾಚುವುದಿಲ್ಲ. ಹೊಸಬರಿಗೆ ಅವಳು ಹೇಳುವ ಮೊದಲ ಮಾತು: "ಚಾಪಿ ತಟ್ರಿ, ಆಕಿನ್ನ ತಟ್ರಿ, ನಿಮ್ಮ ತೊಡೀನ ತಟ್ರಿ. ತಟ್ಟಿದ ಕೂಡ್ಲೆ ಬಿಡೂದು. ಬಿಡದಾಕಿ ಮನೀಗೆ ಹೋಗಿ ರೊಟ್ಟಿ ತಟ್ಟಲಿ!"

ಮುದುಕರಾದ ವಸ್ತಾದರು ನನ್ನ ಮೇಲೆ ಕೂತು ನೋಡುತ್ತಾರೆ. ನಿನ್ನೆ ಆ ಮಾತು ಕಿವಿಗೆ ಬಿದ್ದಾಗ ಅವರ ಕೈ ಮೆಲ್ಲಗೆ ನನ್ನನ್ನು ಎರಡು ಸಲ ತಟ್ಟಿತು. ಧೂಳು ಕೊಡವಿದ್ದೂ ಇರಬಹುದು. ನನಗೆ ಅನುಮಾನ.

ಸೋಲೊಪ್ಪಿದ್ದೇ ಆದರೆ, ಬಿಡುವುದು ನನ್ನ ಕೈಯಲ್ಲಿಲ್ಲ. ಮಹಾನಂದಾಳ ಆ ಸೊಟ್ಟ ಕೈಯಲ್ಲಿದೆ.