ಹೊಗೆ ಉರಿಯದ ಒಲೆ

ಒಲೆಯ ಹೊಗೆದಾರಿಯ ಹಿಡಿಕೆ ಮುಚ್ಚಿದ ಮೇಲೆ ಶಾಖ ತೋರಿಸುವ ಮುಳ್ಳು ಏರಬೇಕಿತ್ತು. ಅದು ಇಳಿಯತೊಡಗಿತು. ಕೊರಿನಾ ಒಲೆಯ ಮುಂದೆ ಮಂಡಿಯೂರಿ ಅದನ್ನೇ ನೋಡಿದಳು.

ಒಲೆಯ ನೆತ್ತಿಯೊಳಗೆ ಜೇನುಗೂಡಿನಂಥ ಪಿಂಗಾಣಿ ಬಿಲ್ಲೆಯೊಂದಿತ್ತು. ಅದು ಕಾದ ಮೇಲೆ ಹಿಡಿಕೆ ಮುಚ್ಚಿದರೆ, ಹೊಗೆ ನೇರ ಚಿಮಣಿಗೆ ಹೋಗದೆ ಅದರ ತೂತುಗಳಲ್ಲಿ ಹಾಯುತ್ತ ಮತ್ತೊಮ್ಮೆ ಉರಿದು ಶಾಖವಾಗುತ್ತಿತ್ತು. ಸ್ವಲ್ಪ ಕಟ್ಟಿಗೆಯಲ್ಲೇ ಮನೆ ಬೆಚ್ಚಗಿರುತ್ತಿತ್ತು. ಈಗ ಹೊಗೆ ಉರಿಯದೆ ಕೋಣೆಗೇ ಹಿಂತಿರುಗುತ್ತಿತ್ತು. ಬೆನ್ನ ಹಿಂದೆ ಮಾವ ಆಲ್ಡನ್ ಕೆಮ್ಮಿದರು. ಆಕೆ ಗಾಬರಿಯಿಂದ ಹಿಡಿಕೆ ತೆರೆದಳು.

ಹಿಮಗಾಳಿಗೆ ದ್ವೀಪದ ಕರೆಂಟು ಹೋಗಿತ್ತು. ಗಂಡ ಲೈಲ್ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದ. ಹೀಗೆ ತೆರೆದೇ ಉರಿಸಿದರೆ ಗಾಳಿ ನಿಲ್ಲುವ ಮೊದಲೇ ಕಟ್ಟಿಗೆ ಖಾಲಿ. ಮಾವನ ಎದೆಗೆ ಚಳಿಯೂ ಆಗದು, ಹೊಗೆಯೂ ಆಗದು.

ಕಟ್ಟಿಗೆ ಪೆಟ್ಟಿಗೆಯಲ್ಲಿ ಕೈಯಾಡಿಸಿದಾಗ ಹಗ್ಗದ ಗಂಟಿದ್ದ ಮರದ ಪಟ್ಟಿಯೊಂದು ಸಿಕ್ಕಿತು. ಲಾಬ್‌ಸ್ಟರ್ ಹಿಡಿಯುವ ಹಳೇ ಮರದ ಬೋನಿನದು.

"ಮಾವ, ಬೋನು ಮುರಿದು ಒಲೆಗೆ ಹಾಕ್ತಾ ಇದ್ರಾ?"

"ಚಳಿಗಾಲ ಶುರುವಾದಾಗಿಂದ. ಚೆನ್ನಾಗಿ ಒಣಗಿತ್ತು, ಯಾಕೆ ಬಿಡ್ಬೇಕು?"

"ಕಡಲಲ್ಲಿ ನೆಂದಿದ್ದು. ಆ ಉಪ್ಪೇ ಬಿಲ್ಲೆನ ಕೆಡಿಸಿದೆ."

"ನಾನೂ ಕಡಲಲ್ಲೇ ನೆಂದವನು. ನನ್ನೂ ಹೊರಗೆ ಹಾಕು."

"ಒಲೆ ಆರಿಸ್ಬೇಕು ಮಾವ. ಬಿಲ್ಲೆ ತೆಗೆದು ತೊಳೀಬೇಕು."

"ಈ ಚಳೀಲಾ? ತಲೆ ನೆಟ್ಟಗಿದ್ಯಾ? ಉರಿಯೋ ಒಲೇನ ಯಾರಾದ್ರೂ ಆರಿಸ್ತಾರಾ?"

ಮದುವೆಯಾಗಿ ಬಂದಾಗಿನಿಂದ ಆಕೆ ಅವರಿಗೆ ಎದುರಾಡಿದವಳಲ್ಲ. ಈಗಲೂ ಆಡಲಿಲ್ಲ. ಮನೆಯ ಕಂಬಳಿಗಳನ್ನೆಲ್ಲ ತಂದು ಅವರಿಗೆ ಹೊದಿಸಿದಳು. ಆಮೇಲೆ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿದಳು.

ಬಿಲ್ಲೆ ಪೂರ್ತಿ ತಣ್ಣಗಾಗುವವರೆಗೆ ಮುಟ್ಟುವಂತಿರಲಿಲ್ಲ. ಬಿಸಿಯಿದ್ದಾಗ ನೀರು ತಾಗಿದರೆ ಬಿರುಕು ಬಿಡುತ್ತದೆ. ಕಾಯುವಾಗ ಕಿಟಕಿಯ ಗಾಜಿನ ಒಳಮೈಗೂ ಹಿಮ ಹತ್ತಿತು. ಮಾವನ ಉಸಿರಿನ ಸದ್ದನ್ನೇ ಆಕೆ ಆಲಿಸುತ್ತಿದ್ದಳು.

ಕೊನೆಗೆ ಬಿಲ್ಲೆ ಬಿಚ್ಚಿ, ಬೂದಿ ಕೊಡವಿ, ಹಿಮ ಕರಗಿಸಿದ ನೀರಿಗೆ ವಿನೆಗರ್ ಸುರಿದು ಗ್ಯಾಸಿನ ಮೇಲೆ ಕುದಿಸಿದಳು.

"ಉಪ್ಪಿನಕಾಯಿ ಹಾಕ್ತಿದ್ದೀಯಾ?" ಕಂಬಳಿಯೊಳಗಿಂದ ದನಿ ಬಂತು. ಅದು ನಡುಗುತ್ತಿತ್ತು.

"ಮಾತಾಡ್ತಾ ಇರಿ ಮಾವ."

"ಬೈಯೋಕೂ ಬಿಡ್ತೀಯಾ?"

"ಬೈರಿ."

ಬೈಗುಳ ಮುಗಿಯುವ ಮೊದಲೇ ಕೆಮ್ಮು ಬಂತು. ಆಕೆ ಬಿಲ್ಲೆಯನ್ನು ಬರೀ ಹಿಮದ ನೀರಿನಲ್ಲಿ ಜಾಲಿಸಿ, ಗ್ಯಾಸ್ ಓವನ್ನಿನಲ್ಲಿ ಒಣಗಿಸಿ ಕೂರಿಸಿದಳು. ಬರ್ಚ್ ಮರದ ಕಟ್ಟಿಗೆಯನ್ನು ಮಾತ್ರ ಹಚ್ಚಿದಳು. ಬಿಲ್ಲೆ ಕಾದಿದೆಯೆಂದು ತೋರಿಸುವ ಗೆರೆಯನ್ನು ಮುಳ್ಳು ಮುಟ್ಟಿದ ಮೇಲೂ ಹಿಡಿಕೆ ಮುಚ್ಚಲು ಕೈ ಬರಲಿಲ್ಲ.

ಮುಚ್ಚಿದಳು. ಮುಳ್ಳು ತುಸು ಇಳಿದು, ನಿಂತು, ಮೆಲ್ಲಗೆ ಮೇಲಕ್ಕೆ ಸರಿಯಿತು. ಕೋಣೆಯಲ್ಲಿ ಹೊಗೆ ಇರಲಿಲ್ಲ.

ಆಲ್ಡನ್ ಕಂಬಳಿಯಿಂದ ಒಂದು ಕೈ ಹೊರಗೆ ತೆಗೆದು ಒಲೆಯತ್ತ ಚಾಚಿದರು.

"ಹೊರಗೆ ಇನ್ನೂ ಬೋನುಗಳಿವೆ," ಎಂದರು. "ಅವನ್ನ ಒಲೆಗೆ ಹಾಕ್ಬೇಡ ಅಂತ ಲೈಲ್‌ಗೂ ಹೇಳು."