ಬಿಡಾರದಲ್ಲಿ ರೇಷ್ಮೆ ಗೌನು

ಅರವತ್ತು ದಾಟಿದ ಮೇಲೆ ಎರಡನೆಯ ಮದುವೆಯಾದ ಲೆಂಪಿಗೆ ಮಧುಚಂದ್ರದ ಬಗ್ಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಅಕ್ಕ ಸೈಮಾ ಆ ಪ್ರಶ್ನೆ ಕೇಳಿದ ಧಾಟಿ ಹಾಗಿಲ್ಲದಿದ್ದರೆ ಅವಳು ಸುಳ್ಳು ಹೇಳುತ್ತಲೂ ಇರಲಿಲ್ಲ.

ಸೈಮಾ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಜೀವಮಾನವಿಡೀ ಕೂತು, ಸ್ಟಾಂಪಿನ ಜೊತೆಗೆ ಬುದ್ಧಿಮಾತನ್ನೂ ಹಂಚಿ ನಿವೃತ್ತಳಾದವಳು. ಮದುವೆಯ ಗೋಜಿಗೆ ಹೋಗದೆ ಕಾಡಿನಂಚಿನಲ್ಲಿ ನಲವತ್ತು ಎಕರೆ ಕೊಂಡು, ಮನೆ ಕಟ್ಟಿಸಿ, ಕೋಳಿ ಸಾಕಿಕೊಂಡು ರಾಣಿಯ ಹಾಗೆ ಇದ್ದಳು. ಮದುವೆಯ ಹಿಂದಿನ ದಿನ ಕಾಫಿ ಹೀರುತ್ತಾ, "ಎಲ್ಲಿಗೆ ಕರ್ಕೊಂಡು ಹೋಗ್ತಾನಂತೆ ನಿನ್ನ ರಾಜಕುಮಾರ? ಗ್ಯಾರೇಜಿಗಾ?" ಎಂದು ಕೇಳಿದಳು.

ಲೆಂಪಿಗೆ ರೇಗಿತು. "ದ್ವೀಪಕ್ಕೆ. ಕುದುರೆಗಾಡಿ ಓಡಾಡುತ್ತಲ್ಲ, ಅಲ್ಲಿಗೆ. ದೊಡ್ಡ ಬಿಳಿ ಹೋಟೆಲಿಗೆ," ಎಂದುಬಿಟ್ಟಳು.

ಸೈಮಾ ಎದ್ದು ಒಳಗೆ ಹೋಗಿ ತನ್ನ ನೀಲಿ ಸೂಟ್‌ಕೇಸನ್ನೂ, ನಿವೃತ್ತಿಯ ದಿನದ ಊಟಕ್ಕೆ ಒಮ್ಮೆ ಮಾತ್ರ ತೊಟ್ಟಿದ್ದ ಹಸಿರು ರೇಷ್ಮೆ ಗೌನನ್ನೂ ತಂದು ಮುಂದಿಟ್ಟಳು. "ಅಲ್ಲಿ ಊಟಕ್ಕೆ ಹೀಗೇ ಡ್ರೆಸ್ ಮಾಡ್ಕೊಂಡು ಹೋಗ್ಬೇಕು ಕಣೇ. ನಮ್ಮ ಮನೆತನದ ಮರ್ಯಾದೆ ಕಳೀಬೇಡ. ಕಲೆ ಗಿಲೆ ಆದ್ರೆ ಡ್ರೈ ಕ್ಲೀನಿಂಗಿಗೇ ಕೊಡ್ಬೇಕು, ನೆನಪಿರಲಿ."

ಬಾಯಿಂದ ಜಾರಿದ ಮಾತನ್ನು ಹಿಂದಕ್ಕೆ ನುಂಗುವುದು ಹೇಗೆ? ಲೆಂಪಿ ಸೂಟ್‌ಕೇಸು ಹೊತ್ತು ಮನೆಗೆ ಬಂದಳು.

ವರ ಒನ್ನಿ ನಿಜವಾಗಿ ಅವಳನ್ನು ಕರೆದೊಯ್ಯಲಿದ್ದದ್ದು ಸರ್ಕಾರಿ ಕಾಡಿಗೆ. ಅವನು ಚಳಿಗಾಲದಲ್ಲಿ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನು. ಆಚೆಗೆ ಸುಪೀರಿಯರ್ ಸರೋವರ, ಈಚೆಗೆ ವಿಸ್ಕಾನ್ಸಿನ್ ಗಡಿ, ನಡುವೆ ತನಗೆ ಗೊತ್ತಿಲ್ಲದ ದಾರಿಯೇ ಇಲ್ಲ ಎನ್ನುವುದು ಅವನ ನಂಬಿಕೆ. ಮಲಗುವುದಕ್ಕೆ ದುಡ್ಡು ಕೊಡುವುದು ಪಾಪ ಎನ್ನುವುದು ಇನ್ನೊಂದು ನಂಬಿಕೆ. "ಸರ್ಕಾರಿ ಕಾಡು ಅಂದ್ರೇನು? ನಂದು, ನಿಂದು, ಎಲ್ಲರ್ದು. ಡೇರೆ ಹಾಕು, ಎರಡು ವಾರ ಯಾರೂ ಏಳು ಅನ್ನೋ ಹಾಗಿಲ್ಲ. ನನ್ನ ಜಾಗ ನೋಡ್ಬೇಕು ನೀನು! ಪುಟ್ಟ ಕೆರೆ, ದಡದಲ್ಲಿ ದೊಡ್ಡ ಪೈನ್ ಮರ. ನಲ್ಲಿ ಇಲ್ಲ, ಮೇಜಿಲ್ಲ, ಕಕ್ಕಸಿಲ್ಲ, ಪಕ್ಕದಲ್ಲಿ ಮನುಷ್ಯರೂ ಇಲ್ಲ!" ಬೇರೆಯವರು ಒಡವೆ ಎಣಿಸುವ ಹಾಗೆ ಅವನು ಈ ಇಲ್ಲಗಳನ್ನು ಎಣಿಸಿದ. ಅವನ ಕಣ್ಣಿನ ಹೊಳಪು ನೋಡಿ ಲೆಂಪಿ ಹೂಂ ಎಂದಿದ್ದಳು.

ಮದುವೆಯ ಮರುದಿನ ಹೊರಟರು. ಅಕ್ಕನಿಗೆ ಹೇಳಿದ ಹೋಟೆಲಿನ ಸುಳ್ಳನ್ನು ಲೆಂಪಿ ದಾರಿಯಲ್ಲಿ ಒನ್ನಿಗೆ ಹೇಳಿದಳು. ಡಾಂಬರು ಮುಗಿದು ಜಲ್ಲಿ, ಜಲ್ಲಿ ಮುಗಿದು ಎರಡು ಗಾಲಿಯ ಗುರುತು ಮಾತ್ರ ಉಳಿದ ಹಾದಿ. ಅಲ್ಲೊಂದು ಕಡೆ ಬೀವರ್‌ಗಳು ಹಲ್ಲಿನಿಂದ ಮರ ಕಡಿದು ಹಳ್ಳಕ್ಕೆ ಅಣೆಕಟ್ಟು ಕಟ್ಟಿ ಹಾದಿಯನ್ನೇ ಮುಳುಗಿಸಿದ್ದವು.

"ಬರೀ ಪಾದ ಮುಳುಗೋಷ್ಟು," ಎಂದ ಒನ್ನಿ, ಇಳಿದು ನೋಡದೆಯೇ.

"ಯಾರ ಪಾದ? ಆನೆದಾ?" ಎಂದಳು ಲೆಂಪಿ. ಅಕ್ಕನ ಸೂಟ್‌ಕೇಸನ್ನು ಕೂಸಿನ ಹಾಗೆ ತೊಡೆಯ ಮೇಲೆತ್ತಿಕೊಂಡು ಕಣ್ಣು ಮುಚ್ಚಿದಳು. ಪಿಕಪ್ಪು ನೀರಿಗಿಳಿಯಿತು, ಕೆಮ್ಮಿತು, ತೇಲುವುದೋ ಉರುಳುವುದೋ ಎಂದು ಸ್ವಲ್ಪ ಹೊತ್ತು ಯೋಚಿಸಿ ಹೇಗೋ ಆಚೆ ದಡ ಹತ್ತಿತು. ಹಿಂದೆ ಇಟ್ಟಿದ್ದ ಅವಳ ಬಟ್ಟೆಯ ಚೀಲ ನೀರು ಕುಡಿದು ಹೆಣಭಾರವಾಗಿತ್ತು. ಅವಳ ಚಪ್ಪಲಿಯ ಮೇಲೊಂದು ಕಪ್ಪೆ ಕೂತಿತ್ತು.

ಅಲ್ಲಿಂದ ಮುಂದೆ ಒನ್ನಿ ಎಡಕ್ಕೆ ತಿರುಗಿದ. ಮರ ಕಡಿದು ಬೋಳಾಗಿದ್ದ ಗುಡ್ಡವೊಂದನ್ನು ಕಂಡು ಅಪರಿಚಿತನನ್ನು ನೋಡುವಂತೆ ನೋಡಿ ಬಲಕ್ಕೆ ತಿರುಗಿದ. ಮತ್ತೆ ಎಡ, ಮತ್ತೆ ಬಲ.

"ನಕ್ಷೆ ಇದ್ಯಾ?"

"ನಕ್ಷೆ ನೋಡೋದು ಶಿಕಾಗೋದಿಂದ ಬಂದೋರು."

ಅವನ ಕಿವಿ ಕೆಂಪಾಗುತ್ತಿದ್ದದ್ದು ಲೆಂಪಿಗೆ ಕಂಡಿತು. ಅವಳು ಬಾಯಿ ಮುಚ್ಚಿಕೊಂಡಳು. ಹೊತ್ತಿಳಿಯುವ ಮುಂಚೆ ಬರ್ಚ್ ಮರಗಳ ನಡುವೆ ತೊರೆಯೊಂದರ ದಡಕ್ಕೆ ಬಂದಾಗ ಅವನು ಗಕ್ಕನೆ ಬ್ರೇಕು ಹಾಕಿ, "ಇದೇ!" ಎಂದು ಕೂಗಿದ.

"ಕೆರೆ ಎಲ್ಲಿ?"

ಒನ್ನಿ ಸುತ್ತಲೂ ನೋಡಿದ. "ಸ್ವಲ್ಪ ಸರ್ದಿರ್ಬೇಕು."

"ಕೆರೆ?"

"ಬೀವರ್ ಕಣೇ. ಅವು ಏನು ಬೇಕಾದ್ರೂ ಮಾಡ್ತವೆ."

ಲೆಂಪಿ ನಗು ತಡೆಯುವುದಕ್ಕೆ ಕೆನ್ನೆಯ ಒಳಗೆ ಕಚ್ಚಿಕೊಂಡಳು. ಒನ್ನಿಯಂತೂ ತಪ್ಪು ಒಪ್ಪಿಕೊಳ್ಳದಿದ್ದರೂ ಅದಕ್ಕೆ ದಂಡ ತೆರುವವನ ಹಾಗೆ ಕೆಲಸಕ್ಕಿಳಿದ. ಡೇರೆ ನಿಲ್ಲಿಸಿದ. ಕರಡಿಗೆ ಸಿಗದಂತೆ ಊಟದ ಗಂಟನ್ನು ಮರದ ಕೊಂಬೆಗೆ ಎತ್ತಿ ಕಟ್ಟಿದ. ತುಸು ದೂರ ಹೋಗಿ ಕಕ್ಕಸಿಗೆ ಗುಂಡಿ ತೋಡಿ, ಮೂರು ಕಡೆ ಟಾರ್ಪಾಲಿನ ಗೋಡೆ ಕಟ್ಟಿ, ಅದರ ಬಾಗಿಲಲ್ಲಿ ಒಂದು ಹಳೆಯ ಡಬ್ಬಿಯಲ್ಲಿ ಹಳದಿ ಕಾಡುಹೂಗಳನ್ನು ಸಿಕ್ಕಿಸಿ ಇಟ್ಟ. ಲೆಂಪಿ ಆ ಹೂಗಳನ್ನು ಬಹಳ ಹೊತ್ತು ನೋಡಿದಳು. ಮೊದಲ ಗಂಡ ಒಳ್ಳೆಯವನೇ. ಆದರೆ ಮೂವತ್ತು ವರ್ಷದಲ್ಲಿ ಮನೆಯ ಮುಂಬಾಗಿಲಿಗೂ ಒಂದು ಹೂ ತಂದಿಟ್ಟವನಲ್ಲ. ಮಾಂಸ ಆಲೂಗೆಡ್ಡೆ ತುಂಬಿದ ಪಾಸ್ಟಿಗಳನ್ನು ತಣ್ಣಗೇ ತಿಂದು, ಸೊಳ್ಳೆಗಳಿಗೆ ತಮ್ಮನ್ನು ತಿನ್ನಿಸಿ, ಇಬ್ಬರೂ ಒದ್ದೆ ಹಾಸಿಗೆಯಲ್ಲಿ ಒತ್ತಿಕೊಂಡು ಮಲಗಿದರು.

ಬೆಳಿಗ್ಗೆ ಮಂಜು. ಹಗ್ಗದ ಮೇಲೆ ಹರವಿದ ಬಟ್ಟೆಗಳೆಲ್ಲ ರಾತ್ರಿಗಿಂತ ಹೆಚ್ಚು ಒದ್ದೆ. ಮೈಮೇಲಿದ್ದದ್ದೂ ತೇವ. ಲೆಂಪಿಯ ಹಲ್ಲು ಕಟಕಟ ಎನ್ನುತ್ತಿತ್ತು.

"ಆ ಪೆಟ್ಟಿಗೆಲಿ ಇರೋದನ್ನ ಹಾಕ್ಕೋ," ಎಂದ ಒನ್ನಿ, ಒಲೆಗೆ ಊದುತ್ತಾ.

"ಅದು ಸೈಮಾಳ ರೇಷ್ಮೆ ಗೌನು ಮಾರಾಯ!"

"ಸೈಮಾ ಇಲ್ಲಿ ಎಲ್ಲಿದ್ದಾಳೆ?"

ಅದೂ ಸರಿಯೇ ಅನ್ನಿಸಿತು. ಲೆಂಪಿ ಹಸಿರು ಗೌನು ತೊಟ್ಟಳು. ಕಾಲಿಗೆ ರಬ್ಬರ್ ಬೂಟು, ತಲೆಗೆ ಸೊಳ್ಳೆಪರದೆಯ ಟೋಪಿ. ಕಬ್ಬಿಣದ ಕಾವಲಿ ಹಿಡಿದು ದೋಸೆಯಂಥ ಪ್ಯಾನ್‌ಕೇಕು ಹೊಯ್ಯಲು ಕೂತಾಗ, ನಾಚಿಕೆಯಾಗಬೇಕಾದ ಜಾಗದಲ್ಲಿ ಅವಳಿಗೆ ಏನೋ ಹಗುರವಾಯಿತು. ರೇಷ್ಮೆ ಬೆಚ್ಚಗಿತ್ತು. ತೊರೆ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಒನ್ನಿ ಸೌದೆ ಹಿಡಿದವನು ಹಾಗೇ ನಿಂತುಬಿಟ್ಟಿದ್ದ.

"ಏನು?" ಎಂದಳು.

"ಆ ಬಿಳಿ ಹೋಟೆಲಲ್ಲೂ ಇಂಥೋಳು ಇರಲ್ಲ ಬಿಡು," ಎಂದ ಅವನು.

ಆಗಲೇ ಎಲ್ಲೋ ಒಂದು ಹುಂಜ ಕೂಗಿತು.

ಇಬ್ಬರೂ ತಲೆಯೆತ್ತಿದರು. "ಕಾಡಲ್ಲಿ ಹುಂಜ?" ಎಂದಳು ಲೆಂಪಿ.

"ಅದು ಕಾಡುಕೋಳಿ ಥರದ್ದು ಏನೋ."

"ಕೊಕ್ಕೊಕ್ಕೋ ಅನ್ನುತ್ತಾ ಅದು?"

"ಕೆಲವು ಅನ್ನುತ್ತವೆ."

ಹುಂಜ ಮತ್ತೆ ಕೂಗಿತು. ಕೂಗು ಅರ್ಧಕ್ಕೆ ಒಡೆದು ಗೊಗ್ಗರು ಕೆಮ್ಮಿನಲ್ಲಿ ಮುಗಿಯಿತು. ಲೆಂಪಿಯ ಕೈಯ ಸೌಟು ನಿಂತಿತು. ಹಾಗೆ ಕೆಮ್ಮುವ ಹುಂಜ ಇಡೀ ಸೀಮೆಯಲ್ಲಿ ಒಂದೇ. ಭಾನುವಾರ ಪ್ರವಚನದ ನಡುವೆ ಕೆಮ್ಮುವ ಪಾದ್ರಿಯ ನೆನಪಿಗೆ ಸೈಮಾ ಅದಕ್ಕೆ ಪಾದ್ರಿ ಎಂದೇ ಹೆಸರಿಟ್ಟಿದ್ದಳು.

"ಒನ್ನಿ, ನಾವು ಎಲ್ಲಿದ್ದೀವಿ ಗೊತ್ತಾ?"

ಅವನು ಉತ್ತರಿಸುವಷ್ಟರಲ್ಲಿ ಮರಗಳ ಹಿಂದಿನಿಂದ ಬಕೀಟು ಬಡಿಯುವ ಸದ್ದು ಕೇಳಿಸಿತು. ಅದರ ಹಿಂದೆಯೇ ಅಂಚೆ ಕಚೇರಿಯ ದನಿ: "ಹೋಗ್! ಹೋಗಾಚೆ ಕರಡಿ! ಹಣ್ಣೆಲ್ಲ ನಂದು!"

ಲೆಂಪಿ ಕಾವಲಿ ಬಿಟ್ಟು, ಗೌನು ಎತ್ತಿ ಹಿಡಿದು, ಟಾರ್ಪಾಲಿನ ಗೋಡೆಯ ಹಿಂದಕ್ಕೆ ಓಡಿದಳು. ಹೂವಿನ ಡಬ್ಬಿ ಉರುಳಿತು.

ಸೈಮಾ ಒಂದು ಕೈಯಲ್ಲಿ ಬ್ಲೂಬೆರಿ ತುಂಬಿದ ಬಕೀಟು, ಇನ್ನೊಂದರಲ್ಲಿ ದೊಣ್ಣೆ ಹಿಡಿದು ಪ್ರತ್ಯಕ್ಷಳಾದಳು. ಡೇರೆ ನೋಡಿದಳು, ಹೊಗೆ ನೋಡಿದಳು, ಕೊನೆಗೆ ಒನ್ನಿಯನ್ನು ನೋಡಿದಳು.

"ಏನಯ್ಯಾ, ನೀನಾ? ಲೆಂಪಿ ಎಲ್ಲಿ?"

ಹಿಮದ ಲಾರಿಯ ಮುಂದೆ ಸಿಕ್ಕಿದ ಮೊಲದ ಹಾಗಾಯಿತು ಒನ್ನಿಯ ಮುಖ. "ಹೋಟೆಲಲ್ಲಿ," ಎಂದ.

"ಅವಳು ಹೋಟೆಲಲ್ಲಿ, ನೀನು ಕಾಡಲ್ಲಿ?"

"ಸ್ವಲ್ಪ... ಗಾಳಿ ಬೇಕಿತ್ತು."

"ಯಾರಿಗೆ?"

"ಇಬ್ಬರಿಗೂ. ಬೇರೆ ಬೇರೆ ಗಾಳಿ."

ಸೈಮಾ ಬಕೀಟು ಕೆಳಗಿಟ್ಟಳು. ಅವಳು ಬಕೀಟು ಕೆಳಗಿಟ್ಟರೆ ಮುಂದಿನದು ದೊಡ್ಡದೇ ಎಂದು ಲೆಂಪಿಗೆ ಗೊತ್ತಿತ್ತು. "ಮದುವೆಯಾಗಿ ಎರಡು ದಿನ ಆಗಿಲ್ಲ, ಆಗ್ಲೇ ಬಿಟ್ಟು ಓಡಿ ಬಂದ್ಯಾ? ನನಗೆ ಮೊದ್ಲೇ ಗೊತ್ತಿತ್ತು! ಆ ಹುಡುಗಿ ಅಲ್ಲಿ ಒಬ್ಬಳೇ ಕೂತು ಅಳ್ತಾ ಇರ್ತಾಳೆ. ನಾಚಿಕೆ ಆಗ್ಬೇಕು ನಿನಗೆ! ಮನುಷ್ಯನಾ ನೀನು, ಹಿಮದ ರಾಶಿಯಾ?"

ಒನ್ನಿ ತಲೆ ತಗ್ಗಿಸಿ ನಿಂತಿದ್ದ. "ಹೌದು ಸೈಮಾ ಅವ್ರೇ. ತಪ್ಪಾಯ್ತು ಸೈಮಾ ಅವ್ರೇ," ಎನ್ನುತ್ತಿದ್ದ. ಒಂದೇ ಒಂದು ಸಲವೂ ಟಾರ್ಪಾಲಿನ ಕಡೆ ನೋಡಲಿಲ್ಲ.

ಗುಂಡಿಯ ಪಕ್ಕ ಮುದುರಿ ನಿಂತಿದ್ದ ಲೆಂಪಿಗೆ ಇನ್ನು ತಡೆಯಲಾಗಲಿಲ್ಲ. ತನ್ನ ಸುಳ್ಳಿಗೆ ಅವನು ಬೈಸಿಕೊಳ್ಳುವುದೇ? ಅವಳು ಟಾರ್ಪಾಲಿನ ಮರೆಯಿಂದ ಹೊರಗೆ ಬಂದಳು. ಮಂಜು ಕರಗಿ ಬಿಸಿಲು ಬಿದ್ದಿತ್ತು. ಹಸಿರು ರೇಷ್ಮೆ ಥಳಥಳ ಹೊಳೆಯಿತು.

"ಅಕ್ಕಾ, ಬೈಯೋದಾದ್ರೆ ನನಗೆ ಬೈ. ಹೋಟೆಲಂತ ಹೇಳಿದ್ದು ನಾನು. ಇವನಲ್ಲ."

ಸೈಮಾ ತಂಗಿಯನ್ನು ಸೊಳ್ಳೆಪರದೆಯಿಂದ ಬೂಟಿನ ತನಕ, ಬೂಟಿನಿಂದ ಸೊಳ್ಳೆಪರದೆಯ ತನಕ ನೋಡಿದಳು. ಅಂಚೆ ಕಚೇರಿಯ ಕಿಟಕಿ ಇಷ್ಟು ಹೊತ್ತು ಮಾತಿಲ್ಲದೆ ಇದ್ದದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ.

"ಕಕ್ಕಸಿಂದ ಬಂದ್ಯಾ," ಎಂದಳು ಕೊನೆಗೆ, "ನನ್ನ ಗೌನಲ್ಲಿ?"

"ಬರೀ ಅಡಗಿದ್ದೆ ಅಕ್ಕಾ, ಬಳಸ್ಲಿಲ್ಲ."

"ನಿನಗೆ ಹೋಟೆಲು ಬೇಕಿರಲಿಲ್ವಾ?"

"ಬೇಕಿರಲಿಲ್ಲ. ನೀನು ಗ್ಯಾರೇಜು ಅಂದ್ಯಲ್ಲ, ಅದಕ್ಕೆ ಹೇಳ್ದೆ."

ಒನ್ನಿ ಒಂದು ಹೆಜ್ಜೆ ಮುಂದೆ ಬಂದ. ಕಿವಿ ಟೊಮೇಟೊ ಹಣ್ಣಾಗಿತ್ತು. "ನಂದೂ ಒಂದಿದೆ. ನಾನು ದಾರಿ ತಪ್ಪಿದ್ದೆ. ನಿನ್ನೆ ಮಧ್ಯಾಹ್ನದಿಂದ್ಲೇ. ಇವಳಿಗೆ ಗೊತ್ತಿತ್ತು, ಆದ್ರೂ ಏನೂ ಅನ್ಲಿಲ್ಲ."

ಲೆಂಪಿ ಅವನ ಕೈ ಹಿಡಿದುಕೊಂಡಳು.

ಸೈಮಾಳಿಗೆ ಈ ದೃಶ್ಯ ಸಹಿಸುವುದು ಕಷ್ಟವಾಗಿರಬೇಕು. ದೊಣ್ಣೆಯಿಂದ ಒಂದು ಮರ ತೋರಿಸಿದಳು. ಅದರ ತೊಗಟೆಯ ಮೇಲೆ ಹಳದಿ ಬಣ್ಣದ ಪಟ್ಟಿ ಇತ್ತು. "ಸರ್ಕಾರಿ ಕಾಡು ಸರ್ಕಾರಿ ಕಾಡು ಅಂತೀಯಲ್ಲ ಒನ್ನಿ, ಈ ಗಡಿ ನಾನೇ ಬಣ್ಣ ಬಳಿದು ಮಾಡಿದ್ದು. ನಿನ್ನ ಗುಂಡಿ ಸರ್ಕಾರದ್ದು. ನಿನ್ನ ಡೇರೆ ಇರೋದು ನನ್ನ ಜಮೀನಲ್ಲಿ. ತೆಗಿ!"

ಬಿಚ್ಚಿ ಮತ್ತೆ ಕಟ್ಟುವುದೇಕೆ, ಹಾಗೇ ಎತ್ತಿ ಗಡಿಯಾಚೆ ಇಟ್ಟರಾಯಿತು ಎಂದ ಒನ್ನಿ. ಗಂಡ ಹೆಂಡತಿ ಎರಡು ಮೂಲೆ ಹಿಡಿದರು. ಅವರು ಎತ್ತುವ ರೀತಿ ನೋಡಲಾಗದೆ ಸೈಮಾ ಮೂರನೆಯ ಮೂಲೆ ಹಿಡಿದಳು. ಒಬ್ಬರು ಎಡ ಎಂದರೆ ಇನ್ನೊಬ್ಬರು ಬಲ. ನಾಲ್ಕನೆಯ ಮೂಲೆ ಬೇರಿಗೆ ಸಿಕ್ಕಿ, ಕೋಲು ಲಟಕ್ಕನೆ ಮುರಿದು, ಡೇರೆ ಒನ್ನಿಯ ಮೇಲೆ ಕುಸಿಯಿತು. ಬಟ್ಟೆಯ ಒಳಗೆ ಅವನು ಕರಡಿಯ ಹಾಗೆ ಹೊರಳಾಡಿದ. ಸೈಮಾ ಅಭ್ಯಾಸಬಲದಿಂದ ದೊಣ್ಣೆ ಎತ್ತಿದಳು.

"ಅಕ್ಕಾ, ಬೇಡ! ನನಗೆ ಇರೋದು ಇವನೊಬ್ಬನೇ!"

ಸೈಮಾಳಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು. ಕಾವಲಿಯ ಮೇಲಿನದು ಕರಕಲಾಗಿತ್ತು. ಲೆಂಪಿ ಬೇರೆ ಹೊಯ್ದು, ಅಕ್ಕನ ಬೆರಿಹಣ್ಣು ಸುರಿದು ಕೊಟ್ಟಳು. ಸೈಮಾ ನಾಲ್ಕು ತಿಂದು, ಉಪ್ಪು ಕಡಿಮೆ ಎಂದು ಹೇಳಿ ಮನೆಗೆ ಹೋದಳು.

ಮಧ್ಯಾಹ್ನ, ಒನ್ನಿ ಮುರಿದ ಕೋಲಿಗೆ ಬರ್ಚ್ ಕೊಂಬೆ ಕಟ್ಟಿ ಡೇರೆಯನ್ನು ಸರ್ಕಾರಿ ಕಡೆ ನಿಲ್ಲಿಸುವಷ್ಟರಲ್ಲಿ, ಅವಳು ತಿರುಗಿ ಬಂದಳು. ಮಡಿಸುವ ಕುರ್ಚಿ, ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು, ಕಾಫಿಯ ಪಾತ್ರೆ, ಮತ್ತೆ ಕಂಕುಳಲ್ಲಿ ಒಂದು ಉದ್ದನೆಯ ಚೀಲ. ಚೀಲದಿಂದ ಹೊರಬಂದದ್ದು ಒಬ್ಬರು ಮಲಗುವ ಪುಟ್ಟ ಡೇರೆ. ಅಂಗಡಿಯ ಚೀಟಿ ಇನ್ನೂ ತೂಗುತ್ತಿತ್ತು, ಬಣ್ಣ ಮಾಸಿತ್ತು.

"ಇದ್ಯಾವಾಗ ತಗೊಂಡೆ?" ಎಂದಳು ಲೆಂಪಿ.

"ಯಾವತ್ತೋ." ಸೈಮಾ ಗೂಟ ಹೊಡೆಯುವುದರಲ್ಲಿ ಮಗ್ನಳಾದಳು. "ಒಬ್ಬಳೇ ಹೋಗಿ ಕಾಡಲ್ಲಿ ಮಲಗಿದ್ಲು ಅಂತ ಮಾರನೇ ದಿನ ಅಂಚೆ ಕಿಟಕೀಲಿ ನಾಲ್ಕು ಜನ ನಗೋರು. ಬೇರೆಯೋರ ಬಗ್ಗೆ ನಾನೇ ನಕ್ಕಿದ್ದೀನಲ್ಲ, ಗೊತ್ತು ನನಗೆ." ಗೂಟ ಸೊಟ್ಟಗಾಯಿತು. ಒನ್ನಿ ಬಂದು ಕಲ್ಲಿನಿಂದ ನೆಟ್ಟಗೆ ಮಾಡಿಕೊಟ್ಟ. ಆಮೇಲೆ ನೆನಪಾಗಿ, "ಆದ್ರೆ ಸೈಮಾ ಅವ್ರೇ, ಇದು ನಮ್ಮ ಮಧುಚಂದ್ರ," ಎಂದ.

"ಇದು ಸಾರ್ವಜನಿಕ ಜಾಗ ಕಣಯ್ಯಾ," ಎಂದಳು ಸೈಮಾ. "ಎರಡು ವಾರ ಯಾರೂ ಏಳು ಅನ್ನೋ ಹಾಗಿಲ್ಲ."

ಆಮೇಲಿನ ದಿನಗಳು ಹೇಗೋ ಕಳೆದವು ಎನ್ನುವುದಕ್ಕಿಂತ, ಸೊಗಸಾಗಿಯೇ ಕಳೆದವು ಎನ್ನಬೇಕು. ಸೈಮಾ ಗೊರಕೆ ಹೊಡೆದಳು. ಗೊರಕೆ ಹೊಡೆದದ್ದು ಕಪ್ಪೆ ಎಂದಳು. ಒಲೆ ಎಲ್ಲಿರಬೇಕು, ಸೌದೆ ಹೇಗೆ ಜೋಡಿಸಬೇಕು ಎಂದು ದಿನವೂ ತೀರ್ಪು ಕೊಟ್ಟಳು. ದಿನಕ್ಕೆರಡು ಸಲ ಕೋಳಿಗಳಿಗೆ ಕಾಳು ಹಾಕಲು ಹೋಗುವಳು; ಆ ಅರ್ಧ ತಾಸಿನಲ್ಲಿ ಮಧುಚಂದ್ರ ನಡೆಯುತ್ತಿತ್ತು. ಗೌನನ್ನು ಮಡಿಸಿ ಕೊಡಹೋದಾಗ, "ಇಟ್ಕೋ. ನಿನಗೇ ಒಪ್ಪುತ್ತೆ. ಬೂಟು ಮಾತ್ರ ಬೇಡ," ಎಂದು ಮುಖ ತಿರುಗಿಸಿದಳು.

ಒಂದು ಬೆಳಿಗ್ಗೆ ಟ್ರೌಟ್ ಮೀನು ಹಿಡಿಯಲು ಸೈಮಾಳೂ ಒನ್ನಿಯೂ ಗಾಳ ಹಿಡಿದು ತೊರೆಯ ಮೇಲ್ಗಡೆಗೆ ಹೋದರು. ಲೆಂಪಿ ನಾನೊಲ್ಲೆ ಎಂದು ಉಳಿದಳು. ಬೂಟು ಕಳಚಿ, ಪಾದಗಳನ್ನು ತಣ್ಣನೆಯ ನೀರಿಗೆ ಇಳಿಬಿಟ್ಟು ಕೂತಳು. ಕಾಫಿ ಇನ್ನೂ ಬಿಸಿಯಿತ್ತು. ತಿರುವಿನಾಚೆಯಿಂದ ಮಾತು ತೇಲಿ ಬಂತು.

"ಎಳೀರಿ ಅಂದ್ರೆ ಎಳೀಬೇಕು ಸೈಮಾ ಅವ್ರೇ!"

"ನೀನು ಕಿರುಚಿದ್ದಕ್ಕೇ ಹೋಯ್ತು ಅದು! ಎಷ್ಟು ದೊಡ್ಡದಿತ್ತು ಗೊತ್ತಾ?"

"ಅಂಗೈಯಷ್ಟಿತ್ತು."

"ಯಾರ ಅಂಗೈ? ನನ್ನ ತೋಳುದ್ದ ಇತ್ತಯ್ಯಾ!"

"ಲೆಂಪೀ!" ಎಂದು ಇಬ್ಬರೂ ಒಟ್ಟಿಗೆ ಕರೆದರು. ನ್ಯಾಯ ಹೇಳುವುದಕ್ಕಿರಬೇಕು.

ಲೆಂಪಿ ಕೇಳಿಸಲಿಲ್ಲವೆನ್ನುವಂತೆ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಂಡಳು.