ತಗ್ಗಿದ ಭುಜ

ಏನೋ ಸೀದ ವಾಸನೆ, ಹಾಲು ಉಕ್ಕಿತೇ, ಇಲ್ಲ, ಒಲೆ ಆರಿಸಿದ್ದನ್ನು ಆಗಲೇ ಹೋಗಿ ನೋಡಿ ಬಂದಿದ್ದಾಳೆ, ಮತ್ತೊಮ್ಮೆಯೂ ನೋಡಿದ್ದಾಳೆ, ಇದು ಮರದ್ದೇ, ಮೊಂಡಾದ ಉಳಿ ಒತ್ತಿದರೆ ಸಾಗುವಾನಿ ಹೀಗೇ ಕಮರುತ್ತದೆ, ಚಂದ್ರಮತಿ ಬಾಲ್ಕನಿಯಲ್ಲಿ ಮರ ಕಡೆಯುವ ಪುಟ್ಟ ಲೇತ್ ನಿಲ್ಲಿಸುತ್ತಾಳೆ — ಮಾಂಬಲಂ ಸ್ಟೇಷನ್ನಿಗೆ ಸಂಜೆಯ ಲೋಕಲ್ ಬಂದ ಸದ್ದು, ಗಿಂಡಿಯ ಆಫೀಸಿನಿಂದ ಗಂಡ ನಾಗರಾಜ ಬರುತ್ತಿದ್ದದ್ದು ಅದರಲ್ಲೇ, ಎಡಹೆಗಲಿಗೆ ಭಾರದ ಚೀಲ, ವರ್ಷಗಟ್ಟಲೆ ಹೊತ್ತೂ ಹೊತ್ತೂ ಎಡಭುಜ ತಗ್ಗಿಯೇ ಹೋಗಿತ್ತು, ಚೀಲ ಇಳಿಸಿದ ಮೇಲೂ ಬಾಗಿಲಲ್ಲಿ ಹಾಗೇ ವಾಲಿ ನಿಲ್ಲುತ್ತಿದ್ದರು. ನಾಳೆ ಮಹಾಲಯ ಅಮಾವಾಸ್ಯೆ, ಪಟ್ಟದ ಗೊಂಬೆ ಕೂರಿಸಬೇಕು, ಅಮ್ಮ ಮದುವೆಯಲ್ಲಿ ಕೊಟ್ಟ ಜೋಡಿ, ಹಳೆಯ ಮನೆಗೆ ನೆರೆ ನುಗ್ಗಿದ ವರ್ಷ ರಾಜ ಹೋದ, ಕೆಸರಿನಲ್ಲಿ ಸಿಕ್ಕಿದ್ದು ರಾಣಿ ಒಬ್ಬಳೇ, ಒಂಟಿಯಾಗಿ ಹೇಗೆ ಕೂರಿಸೋದು ಅಂದರೆ, ಅದಕ್ಯಾಕೆ ಅಳ್ತೀಯೆ, ಅವಳ ಪಕ್ಕ ನಾನೇ ನಿಲ್ತೀನಿ, ಪೇಟ ಒಂದು ಕಟ್ಟು ನಂಗೆ, ಎಂದು ನಾಗರಾಜ ನಿಂತೂಬಿಟ್ಟರು, ತಲೆಗೆ ಟವೆಲ್ ಸುತ್ತಿಕೊಂಡು, ಆಮೇಲೆ ಪ್ರತಿ ವರ್ಷವೂ. ಅವರು ಹೋಗಿ ಎರಡು ದಸರಾ ಆಯಿತು, ಈ ಸಲದವರೆಗೆ ಗೊಂಬೆ ಪೆಟ್ಟಿಗೆ ತೆರೆದಿರಲಿಲ್ಲ. ರಿಟೈರ್ ಆಗಿ ಏನ್ಮಾಡ್ತೀರಿ ಮೇಡಂ, ಕೆಲಸಕ್ಕಿದ್ದ ಲೈಬ್ರರಿಯಲ್ಲಿ ಕೇಳಿದವರಿಗೆ ಲೇತ್ ಕಲೀತೀನಿ ಅಂದರೆ ನಕ್ಕಿದ್ದರು, ಬುಗುರಿ, ಬಟ್ಟಲು, ಕುಂಕುಮದ ಭರಣಿ, ಮರ ತಿರುಗುವಷ್ಟು ಹೊತ್ತು ಮನೆ ಸುಮ್ಮನಿರುವುದಿಲ್ಲ, ಅವಳಿಗೆ ಬೇಕಿದ್ದದ್ದು ಅಷ್ಟೇ. ಆದರೆ ಲೇತ್ ಎಲ್ಲವನ್ನೂ ದುಂಡಗೆ ಮಾಡುತ್ತದೆ, ಎರಡೂ ಕಡೆ ಒಂದೇ ಸಮ, ಅದಕ್ಕೇ ನಿನ್ನೆ ಕೂತು, ತಾನೇ ಕಡೆದ ಹೊಸ ರಾಜನ ಎಡಭುಜವನ್ನು ಕೈಯುಳಿಯಲ್ಲಿ ತಗ್ಗಿಸಿದ್ದಳು, ಒಂದಿಷ್ಟೇ, ಕಣ್ಣು ಮೂಗು ಬಿಡಿಸುವ ಮೊದಲೇ ಮರದಲ್ಲಿ ಅವರು ಬಂದುಬಿಟ್ಟಿದ್ದರು. ಬೆಳಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ತಮಿಳಿನ ಜಯಲಕ್ಷ್ಮೀ ಕನ್ನಡಕ ಏರಿಸಿ, ಏನು ಮಾ ಇದು, ನಿಮ್ಮ ರಾಜ ಬಸ್ಸಿಗೆ ಕಾದವರ ಹಾಗೆ ಸೊಟ್ಟಗೆ ನಿಂತಿದಾರೆ, ಪಟ್ಟಕ್ಕೆ ಕೂರೋರು ನೇರ ಇರಬೇಡ್ವಾ, ದೋಷ ಅಂತಾರೆ, ಬಲಗಡೆನೂ ಕೊಂಜ, ಒಂಚೂರು, ತೆಗೆದ್ಬಿಡಿ, ಸರಿಹೋಗುತ್ತೆ, ಎಂದರು. ಯಾರಿಗೆ ದೋಷ, ಈ ಮನೆಗೆ ಇನ್ನೇನು ಆಗಬೇಕಿದೆ, ಅನ್ನಬೇಕಿತ್ತು, ಹೌದಲ್ವಾ ಅಂದಳು, ಆರಿದ ಒಲೆಯನ್ನು ಮತ್ತೆ ಮತ್ತೆ ನೋಡುವವಳು ದೋಷ ಅಂದ ಮೇಲೆ ಸುಮ್ಮನಿರುತ್ತಾಳೆಯೇ, ರಾಜನನ್ನು ಲೇತಿಗೆ ಏರಿಸಿದಳು, ಸುರುಳಿ ಸುರುಳಿಯಾಗಿ ಸಿಪ್ಪೆ ಬಿತ್ತು, ಈಗ ಎರಡು ಭುಜವೂ ಸಮ, ನುಣುಪು, ಅಂಗಡಿಯ ಗೊಂಬೆಯ ಹಾಗೆ, ರಾಣಿಯ ಪಕ್ಕ ಇಟ್ಟು ನೋಡುತ್ತಾಳೆ — ಯಾರಿವನು. ಇನ್ನೊಮ್ಮೆ ಎಡಗಡೆ ತಗ್ಗಿಸಲೇ, ತಗ್ಗಿಸಿದರೆ ತೋಳೇ ಉಳಿಯುವುದಿಲ್ಲ, ತೆಗೆದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ, ಕಾಲಡಿಯಲ್ಲಿ ಇಷ್ಟೊಂದು ಸಿಪ್ಪೆ, ಇದರಲ್ಲಿ ಅವರು ಯಾವುದು, ಇನ್ನೊಂದು ಲೋಕಲ್ ಬಂತು, ಮೆಟ್ಟಿಲ ಮೇಲೆ ಹೆಜ್ಜೆ, ಮೇಲಿನ ಮನೆಯವರದು, ಗೊತ್ತು, ಗೊತ್ತಿದ್ದೂ ತಿರುಗಿ ನೋಡುತ್ತಾಳೆ, ಬಾಗಿಲು, ಚೀಲ, ಆ ಎಡಭುಜ, ತಗ್ಗಿದ ಆ ಎಡಭುಜ